ಕರಟದ ಕುದುರೆ

ಕುದುರೆ ಬರುವುದಿಲ್ಲವೆಂಬ ಸುದ್ದಿ ತಲುಪಿದಾಗ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿನ ಶಾಲೆಯ ವಾರ್ಷಿಕೋತ್ಸವ ಅಂದು ಸಂಜೆ ಆರಕ್ಕೆ ಆರಂಭವಾಗಬೇಕಿತ್ತು. ಮಕ್ಕಳು ಆಡಲಿದ್ದದ್ದು ಕೆಳದಿಯ ರಾಣಿ ಚೆನ್ನಮ್ಮನ ಕಥೆ. ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಕೆ ಆಶ್ರಯ ಕೊಟ್ಟ ಪ್ರಸಂಗವೇ ನಾಟಕದ ಜೀವಾಳ, ಮತ್ತು ನಾಟಕ ಬರೆದ ಮೇಷ್ಟ್ರ ಕಲ್ಪನೆಯಂತೆ ಆ ಪ್ರಸಂಗ ತೆರೆದುಕೊಳ್ಳುವುದು ಮಬ್ಬುಗತ್ತಲಲ್ಲಿ ರಾಜಾರಾಮ ಕುದುರೆಯೇರಿ ಬಿದನೂರಿನ ಕೋಟೆಯ ಬಾಗಿಲಿಗೆ ಬರುವುದರಿಂದ. ಇದಕ್ಕಾಗಿ ಶಿವಮೊಗ್ಗದಿಂದ ಒಂದು ಕೀಲುಕುದುರೆಯನ್ನು ಬಾಡಿಗೆಗೆ ಗೊತ್ತು ಮಾಡಿದ್ದರು. ಬಾಡಿಗೆಗೆ ಕೊಡುವವರು ಅದನ್ನು ಅದೇ ದಿನ ಯಾವುದೋ ಮೆರವಣಿಗೆಗೆ ಕಳಿಸಿಬಿಟ್ಟಿದ್ದರು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಶಾಲೆಯ ಜಗಲಿಯಲ್ಲಿ ಕುಳಿತರು.

ದಾರಿ ತೋರಿಸಿದವರು ನಮ್ಮ ದೊಡ್ಡಪ್ಪ. ಅವರು ಪ್ರಾಯದ ಕಾಲದಲ್ಲಿ ಬಯಲಾಟಗಳಲ್ಲಿ ಹಾಸ್ಯಗಾರನ ವೇಷ ಮಾಡಿದವರು. ಈಗಲೂ ಊರಿನಲ್ಲಿ ಎಂಥ ನಾಟಕವಾದರೂ ಮಧ್ಯಾಹ್ನದಿಂದಲೇ ರಂಗದ ಸುತ್ತ ಸುಳಿದಾಡುತ್ತಾರೆ. "ಕುದುರೆ ಇಲ್ಲದಿದ್ರೆ ಕುದುರೆ ಸದ್ದು ಸಾಕು ಮೇಷ್ಟ್ರೇ, ಎರಡು ಕರಟ ಕೊಡಿ" ಎಂದರು. ರೇಡಿಯೊ ನಾಟಕದ ಕುದುರೆಗಳೆಲ್ಲ ಕರಟದಲ್ಲೇ ಓಡುತ್ತಿದ್ದದ್ದು ಎಂಬುದು, ಭದ್ರಾವತಿ ಆಕಾಶವಾಣಿಯನ್ನು ಕೇಳುತ್ತಲೇ ವಯಸ್ಸಾದ ಅವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ.

ಕರಟ ಆರಿಸುವುದರಲ್ಲಿಯೂ ಇಷ್ಟೊಂದು ವಿಚಾರವಿದೆಯೆಂದು ನನಗೆ ತಿಳಿದದ್ದು ಆಗಲೇ. ನಮ್ಮನೆಯ ಬಚ್ಚಲ ಒಲೆಯ ಬದಿಗೆ ಅಮ್ಮ ಒಟ್ಟಿಟ್ಟಿದ್ದ ರಾಶಿಯಿಂದ ಅಕ್ಕನ ಮಗ ಒಂದು ಚೀಲ ತುಂಬಿಕೊಂಡು ಬಂದ. ಅವನೇ ಸದ್ದಿನ ಜವಾಬ್ದಾರಿ ಹೊತ್ತ ಐದನೇ ತರಗತಿಯ ಕಲಾವಿದ. ದೊಡ್ಡಪ್ಪ ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು, ಕಣ್ಣಿರುವ ಹೋಳುಗಳನ್ನೆಲ್ಲ ಪಕ್ಕಕ್ಕೆ ಹಾಕಿದರು, ಏಕೆಂದರೆ ಕಣ್ಣಿನ ತೂತಿನಲ್ಲಿ ಗಾಳಿ ಸೋರಿ ಸದ್ದು ಬೋದಾಗುತ್ತದೆ. ಕಣ್ಣಿಲ್ಲದ, ದುಂಡಗಿನ, ಒಂದೇ ಗಾತ್ರದ ಎರಡನ್ನು ಆರಿಸಿ, ಹೊರಮೈಯ ನಾರನ್ನು ಕತ್ತಿಯಲ್ಲಿ ಹೆರೆದು, ಅಂಚನ್ನು ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ಸಮ ಮಾಡಿದರು. ಹಲಗೆಯ ಮೇಲೆ ಬಡಿದಾಗ ಸದ್ದು ಚುರುಕಾಯಿತು. ಆದರೆ ಡಾಂಬರು ರಸ್ತೆಯಲ್ಲಿ ಓಡಿದ ಹಾಗೆ ಕೇಳುತ್ತದೆ, ಬಿದನೂರಿಗೆ ಆಗ ಡಾಂಬರು ಇತ್ತೇ ಎಂದು ಅವರೇ ಆಕ್ಷೇಪ ತೆಗೆದು, ಹಲಗೆಯ ಮೇಲೆ ಗೋಣಿತಾಟು ಹಾಸಿದರು. ಆಗ ಬಂತು ನೋಡಿ, ಹಸಿಮಣ್ಣಿನ ಮೇಲೆ ಗೊರಸು ಊರುವ ತುಂಬು ದನಿ.

ತಾಲೀಮು ಶುರುವಾಯಿತು. ಅಕ್ಕನ ಮಗ ಕರಟ ಬಡಿಯುತ್ತ, ಏಳನೇ ತರಗತಿಯ ರಾಜಾರಾಮ ಲಗಾಮು ಹಿಡಿದ ಭಂಗಿಯಲ್ಲಿ ಕುಪ್ಪಳಿಸುತ್ತ ಬರುತ್ತಿದ್ದಂತೆ ಕೋಟೆಯ ಕಾವಲುಗಾರ ಬೆಂಚಿನ ಮೇಲೆ ನಿಂತು "ಯಾರಲ್ಲಿ?" ಎಂದು ಗರ್ಜಿಸಿದ. ನಾನು ನಕ್ಕುಬಿಟ್ಟೆ. ಸಣ್ಣಗೆ ನಕ್ಕಿದ್ದರೆ ನಡೆಯುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಜಗಲಿಯ ಕಂಬಕ್ಕೆ ಒರಗುವಷ್ಟು ನಕ್ಕೆ. ಮೇಷ್ಟ್ರ ಮುಖ ಕಪ್ಪಿಟ್ಟಿತು. "ಎಂತಕ್ಕೆ ನಗಾಡ್ತೀಯ ಮಾರಾಯ, ಮಕ್ಕಳು ಕಷ್ಟಪಟ್ಟು ಮಾಡ್ತಾ ಇದ್ದಾವೆ" ಎಂದು ದೊಡ್ಡಪ್ಪ ಗದರಿದರು. ಹೀಗೆ, ಮೂರು ಗಂಟೆಯ ಬಿಸಿಲಿನಲ್ಲಿ, 1975ರಲ್ಲಿ ಬಿಡುಗಡೆಯಾದ ಒಂದು ಇಂಗ್ಲಿಷ್ ಹಾಸ್ಯಚಿತ್ರವನ್ನು ಮಲೆನಾಡಿನ ಶಾಲೆಯೊಂದರ ಜಗಲಿಯಲ್ಲಿ ವಿವರಿಸುವ ಶಿಕ್ಷೆ ನನ್ನ ಪಾಲಿಗೆ ಬಂತು.

ಚಿತ್ರದ ಹೆಸರು 'ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್'. ಬ್ರಿಟಿಷ್ ಟಿವಿಯಲ್ಲಿ ಹೆಸರು ಮಾಡಿದ್ದ ಆರು ಜನ ಹಾಸ್ಯಗಾರರ ತಂಡವೊಂದು ಆರ್ಥರ್ ರಾಜನ ಪುರಾಣಸದೃಶ ಕಥೆಯನ್ನು ಅಣಕಿಸಿ ಮಾಡಿದ್ದು. ನಿರ್ದೇಶಿಸಿದವರು ಅವರಲ್ಲೇ ಇಬ್ಬರು, ಟೆರಿ ಗಿಲಿಯಮ್ ಮತ್ತು ಟೆರಿ ಜೋನ್ಸ್. ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಪೆಲಿನ್‌ನಂಥ ಸಂಗೀತ ತಂಡಗಳು ಹಣ ಹಾಕಿದ್ದರೂ ಕುದುರೆಗಳನ್ನು ಬಾಡಿಗೆಗೆ ತರುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕೈಗೆ ಚಿಪ್ಪು ಬಂತು ಎಂದು ನಾವು ಗಾದೆಯ ಹಾಗೆ ಆಡುವ ಮಾತು ಅವರ ವಿಷಯದಲ್ಲಿ ಅಕ್ಷರಶಃ ನಿಜವಾಯಿತು. ಚಿತ್ರ ತೆರೆದುಕೊಳ್ಳುವಾಗ ದಟ್ಟ ಮಂಜಿನೊಳಗಿಂದ ಗೊರಸಿನ ಸದ್ದು ಕೇಳುತ್ತದೆ, ನಾವು ಕುದುರೆಗಾಗಿ ಕಣ್ಣು ನೆಟ್ಟಿರುತ್ತೇವೆ, ಗುಡ್ಡದಂಚಿನಲ್ಲಿ ಕಾಣಿಸಿಕೊಳ್ಳುವುದು ಮಾತ್ರ ಗಂಭೀರ ಮುಖದಿಂದ ಕುಪ್ಪಳಿಸುತ್ತ ಬರುವ ರಾಜ ಮತ್ತು ಅವನ ಹಿಂದೆ ಎರಡು ತೆಂಗಿನ ಕರಟ ಬಡಿಯುತ್ತ ಬರುವ ಸೇವಕ. ಕೋಟೆಯ ಮೇಲಿನ ಕಾವಲುಗಾರ ರಾಜನ ಬಿರುದುಬಾವಲಿಗಳಿಗೆ ಕಿವಿಗೊಡದೆ, ತೆಂಗು ಉಷ್ಣವಲಯದ ಬೆಳೆ, ನಿಮಗೆ ಈ ಚಳಿದೇಶದಲ್ಲಿ ಅದು ಎಲ್ಲಿ ಸಿಕ್ಕಿತು ಎಂದು ವಿಚಾರಣೆಗೆ ಇಳಿಯುತ್ತಾನೆ. ಸ್ವಾಲೋ ಎಂಬ ವಲಸೆಹಕ್ಕಿ ಹೊತ್ತು ತಂದಿರಬಹುದೆಂದು ರಾಜ ಹೇಳಿದರೆ, ಐದು ಔನ್ಸಿನ ಹಕ್ಕಿ ಒಂದು ಪೌಂಡಿನ ಕಾಯಿ ಹೊರುವುದು ಹೇಗೆಂದು ತೂಕದ ಲೆಕ್ಕ ಹಾಕುತ್ತಾನೆ. ಚಳಿಗಾಲದಲ್ಲಿ ನಮ್ಮ ಕರೆಂಟು ತಂತಿಗಳ ಮೇಲೆ ಸಾಲಾಗಿ ಕೂರುವ ಕವಲುಬಾಲದ ಹಕ್ಕಿ ಅದೇ. ನಿಜವಾಗಿ ಅದು ತೂಗುವುದು ಇಪ್ಪತ್ತು ಗ್ರಾಮಿನ ಆಸುಪಾಸು. ಕಾವಲುಗಾರನ ಲೆಕ್ಕವೂ ಧಾರಾಳವಾಗಿಯೇ ಇತ್ತು.

ಜೋಕನ್ನು ವಿವರಿಸುವುದೆಂದರೆ ಸುಟ್ಟ ಹಪ್ಪಳವನ್ನು ನೀರಿಗೆ ಹಾಕಿದಂತೆ. ಮೇಷ್ಟ್ರು ನಗಲಿಲ್ಲ. ದೊಡ್ಡಪ್ಪ ಮಾತ್ರ ಕವಳದ ತಟ್ಟೆಯಿಂದ ತಲೆಯೆತ್ತಿ ಬಹಳ ಗಂಭೀರವಾಗಿ ಕೇಳಿದರು: "ಒಂದು ಪೌಂಡು ಅಂದ್ಯಲ್ಲ, ಅದು ಸುಲಿದ ಕಾಯೋ, ಸಿಪ್ಪೆ ಸಮೇತವೋ?"

ನಾನು ಒಂದು ಕ್ಷಣ ಬೆಪ್ಪಾದೆ. ಚಿತ್ರದ ಕೊನೆಯ ಭಾಗದಲ್ಲಿ ಸಾವಿನ ಸೇತುವೆಯೊಂದರ ಕಾವಲುಗಾರ, ತಪ್ಪು ಉತ್ತರ ಕೊಟ್ಟವರನ್ನು ಪ್ರಪಾತಕ್ಕೆ ಎಸೆಯುವವನು, ರಾಜನನ್ನು ಹಕ್ಕಿಯ ವೇಗವೆಷ್ಟೆಂದು ಕೇಳುತ್ತಾನೆ. ಆಫ್ರಿಕಾದ್ದೋ ಯುರೋಪಿನದ್ದೋ ಎಂದು ರಾಜ ತಿರುಗಿ ಕೇಳಿದಾಗ ತನಗೆ ಗೊತ್ತಿಲ್ಲವೆನ್ನುತ್ತಾನೆ, ಮರುಕ್ಷಣ ತಾನೇ ಪ್ರಪಾತಕ್ಕೆ ಹಾರಿಹೋಗುತ್ತಾನೆ. ಆ ಚಿತ್ರದ ಹೆಸರನ್ನೂ ಕೇಳದ, ಇಂಗ್ಲಿಷಿನ ಗಂಧವಿಲ್ಲದ ತೋಟದ ಮನುಷ್ಯನೊಬ್ಬರು ಅದೇ ಪ್ರಶ್ನೆಯನ್ನು ನಮ್ಮ ತೂಕದ ಕಟ್ಟಿನಲ್ಲಿ ಕೇಳಿದ್ದರು. ಅಷ್ಟಕ್ಕೇ ನಿಲ್ಲಿಸದೆ, "ಹಕ್ಕಿ ಎಂತಕ್ಕೆ ಬೇಕು? ಮಂಗ ತಂದಿರ್ತದೆ. ನಮ್ಮ ಮರದಲ್ಲಿ ಉಳಿಯದ ಕಾಯಿ ಎಲ್ಲಿಗೆ ಹೋಗ್ತದೆ ಅಂತ ಇವತ್ತು ಗೊತ್ತಾಯ್ತು" ಎಂದರು. ಜಗಲಿಯಲ್ಲಿದ್ದ ತೋಟದವರೆಲ್ಲ ನಕ್ಕರು, ಮೇಷ್ಟ್ರೂ ಸೇರಿ.

ಆದರೆ ದೊಡ್ಡಪ್ಪನ ಒಂದು ತಕರಾರು ಉಳಿದಿತ್ತು. ಬಯಲಾಟದಲ್ಲಿ ಕುದುರೆಯೂ ಇಲ್ಲ, ಕರಟವೂ ಇಲ್ಲ. ವೇಷಧಾರಿ ಕಾಲು ಹಾಕುವ ಲಯದಲ್ಲೇ ಕುದುರೆ ಹುಟ್ಟುತ್ತದೆ, ಜನ ಅದನ್ನು ಕಾಣುತ್ತಾರೆ. ಇಲ್ಲದ್ದನ್ನು ಇದೆಯೆಂದು ತೋರಿಸುವುದೇ ಕಲೆಯಾಗಿರುವಾಗ ಅದರಲ್ಲಿ ನಗುವಂಥದ್ದೇನು? ನನ್ನ ಹತ್ತಿರ ಉತ್ತರವಿರಲಿಲ್ಲ. ಸಿನಿಮಾದವರು ನಿಜವಾದ ಕುದುರೆಯನ್ನೇ ತೋರಿಸುವ ಪ್ರಮಾಣ ಮಾಡಿದವರು, ಆ ಪ್ರಮಾಣ ಮುರಿದಾಗ ನಗು ಬರುತ್ತದೆ ಎಂದು ಏನೋ ತೊದಲಿದೆ. ಇಡೀ ಚಿತ್ರದಲ್ಲಿ ಯೋಧನೊಬ್ಬ ಏರಿ ಬರುವ ನಿಜವಾದ ಕುದುರೆ ಒಂದೇ ಸಲ ಕಾಣಿಸುತ್ತದೆ, ಅದೂ ನಮ್ಮ ಕಾಲದ ಇತಿಹಾಸಕಾರನೊಬ್ಬ ಕ್ಯಾಮೆರಾದ ಮುಂದೆ ಪಾಠ ಹೇಳುತ್ತಿರುವಾಗ. ಯೋಧ ಅವನನ್ನು ಕಡಿದುಹಾಕಿ ಹೋಗುತ್ತಾನೆ, ಅದೇ ಕೊಲೆಯ ತನಿಖೆಗೆ ಬಂದ ಪೊಲೀಸರು ಕೊನೆಗೆ ರಾಜನನ್ನೇ ಹಿಡಿದು ವ್ಯಾನಿಗೆ ಹತ್ತಿಸಿ ಚಿತ್ರವನ್ನೇ ನಿಲ್ಲಿಸುತ್ತಾರೆ. ಇದನ್ನು ಹೇಳಿದಾಗ ದೊಡ್ಡಪ್ಪ ಮೊದಲ ಬಾರಿಗೆ ಮೆಚ್ಚಿ ತಲೆದೂಗಿದರು. ಕೆಸರು ಬಗೆಯುವ ರೈತನೊಬ್ಬ, ಕೊಳದೊಳಗಿನ ದೇವತೆ ಖಡ್ಗ ಕೊಟ್ಟಳೆಂದ ಮಾತ್ರಕ್ಕೆ ನೀನು ರಾಜನಾಗುವುದು ಹೇಗೆಂದು ಆರ್ಥರನನ್ನು ದಬಾಯಿಸುವ ದೃಶ್ಯವಂತೂ ಅವರಿಗೆ ಸ್ವಂತದ್ದೆನಿಸಿತು. ರಾಜವೇಷ ಗ್ರಾಂಥಿಕ ಭಾಷೆಯಲ್ಲಿ ಮೆರೆಯುವಾಗ ಆಡುಮಾತಿನಲ್ಲಿ ಕಾಲೆಳೆಯುವ ದೂತನ ಪಾತ್ರವನ್ನೇ ಅವರು ಆಯುಷ್ಯಪೂರ್ತಿ ಮಾಡಿದ್ದು.

ನನಗೆ ಈ ಚಿತ್ರ ಸಿಕ್ಕಿದ ದಾರಿಯೂ ನೇರವಾದುದಲ್ಲ. ನಮ್ಮ ಗುಡ್ಡಗಳಲ್ಲಿ ಕೂಗು ಹಾಕಿದವನು ಯಾವ ಹಕ್ಕಲಿನಲ್ಲಿದ್ದಾನೆಂದು ತಿಳಿಯುವ ಮೊದಲು ಎದುರುಗುಡ್ಡದ ಮಾರ್ದನಿ ಕಿವಿಗೆ ಬೀಳುವುದುಂಟು. ನನಗೂ ಹಾಗೆಯೇ ಮಾರ್ದನಿ ಮೊದಲು, ಕೂಗು ಆಮೇಲೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಬೇಕಾಯಿತು. ಅದರ ಪಾಠಗಳ ಉದಾಹರಣೆಗಳಲ್ಲಿ ಹೆಜ್ಜೆಹೆಜ್ಜೆಗೂ 'ಸ್ಪ್ಯಾಮ್', 'ಎಗ್ಸ್' ಎಂಬ ಹೆಸರುಗಳು; ಲೆಕ್ಕಾಚಾರದ ನಡುವೆ ಮೊಟ್ಟೆಗೇನು ಕೆಲಸವೆಂದು ತಿಳಿಯದೆ ಕಂಗಾಲಾಗಿದ್ದೆ. ಹೆಬ್ಬಾವಿಗೂ ಆ ಭಾಷೆಗೂ ಸಂಬಂಧವಿಲ್ಲ, 1989ರ ಕೊನೆಯಲ್ಲಿ ಅದನ್ನು ಕಟ್ಟಲು ತೊಡಗಿದ ಗಿಡೊ ವಾನ್ ರೋಸಮ್ ಈ ಹಾಸ್ಯತಂಡದ ಟಿವಿ ಕಾರ್ಯಕ್ರಮದ ಹೆಸರನ್ನೇ ಅದಕ್ಕಿಟ್ಟರು ಎಂದು ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಹುಡುಕಿ ನೋಡಿದ್ದು ಈ ಚಿತ್ರ. ಬೇಡದ ಮಿಂಚಂಚೆಗೆ ನಾವೆಲ್ಲ ಹೇಳುವ 'ಸ್ಪ್ಯಾಮ್' ಕೂಡ ಇದೇ ತಂಡದ 1970ರ ಒಂದು ಪ್ರಹಸನದಿಂದ ಬಂದದ್ದು. ಅದರಲ್ಲಿ ಹೋಟೆಲಿನ ಬಹುತೇಕ ಎಲ್ಲ ತಿಂಡಿಗೂ ಡಬ್ಬಿಯಲ್ಲಿಟ್ಟ ಒಂದೇ ಮಾಂಸ, ಬೇಡವೆಂದರೂ ಬಿಡದು. ಸಾಲ ಬೇಕೇ ಎಂದು ದಿನಕ್ಕೆ ಹತ್ತು ಸಂದೇಶ ಬರುವ ನಮ್ಮೂರಿನ ಫೋನುಗಳಲ್ಲಿ ಆ ಪದ ಮನೆಮಾತಾಗಿದೆ, ಪ್ರಹಸನವನ್ನು ನೋಡಿದವರು ಒಬ್ಬರೂ ಇಲ್ಲ.

ಚಿತ್ರದ ಮಾರ್ದನಿಗಳೆಲ್ಲ ನನಗೆ ಸಮನಾಗಿ ಹಿಡಿಸುವುದಿಲ್ಲ. ಆ ತಂಡದವರೇ ಆದ ಎರಿಕ್ ಐಡಲ್ ಅದರಿಂದ ಕಟ್ಟಿದ ಸಂಗೀತ ನಾಟಕ 'ಸ್ಪ್ಯಾಮಲಾಟ್' 2005ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದು, ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಪಡೆಯಿತು. ಅದು ನೇರವಾದ ಸಂತಾನ, ಇರಲಿ. ಚಿತ್ರೀಕರಣ ನಡೆದ ಸ್ಕಾಟ್‌ಲೆಂಡಿನ ಡೂನ್ ಕೋಟೆಯಲ್ಲಿ ಪ್ರವಾಸಿಗಳಿಗೆ ಬಡಿಯಲು ಕರಟ ಕೊಡುತ್ತಾರೆ, 2007ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕರಟ ಬಡಿದು ದಾಖಲೆ ಮಾಡಿದರು. ಇವೆಲ್ಲ ಜಾತ್ರೆ. ಕಚೇರಿಯಲ್ಲಿ ಚಿತ್ರದ ಸಾಲುಗಳನ್ನು ಬಾಯಿಪಾಠ ಒಪ್ಪಿಸುವವರು ನಗಿಸುವುದಕ್ಕಿಂತ ತಾವೂ ಆ ಬಳಗದವರೆಂದು ಗುರುತುಚೀಟಿ ತೋರಿಸುವುದೇ ಹೆಚ್ಚು, ಅವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳಬೇಕು. ನನಗೆ ನಿಜವಾಗಿ ಇಷ್ಟವಾದದ್ದು ಬಚ್ಚಿಟ್ಟ ಮಾರ್ದನಿ. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ 2014ರ ಒಂದು ಕಂತಿನಲ್ಲಿ ಕೋಟೆಯ ಮುಂದೆ ನಿಂತ ವೀರನೊಬ್ಬ ಕಲ್ಪಿತ ಭಾಷೆಯಲ್ಲಿ ಬೈಗುಳ ಸುರಿಸುತ್ತಾನೆ. ಆ ಭಾಷೆಯನ್ನು ರೂಪಿಸಿದ ಡೇವಿಡ್ ಪೀಟರ್‌ಸನ್, ನಮ್ಮ ಚಿತ್ರದಲ್ಲಿ ಫ್ರೆಂಚ್ ಕಾವಲುಗಾರ ಆರ್ಥರನಿಗೆ ಬೈಯುವ ಮಾತುಗಳನ್ನೇ ಅದಕ್ಕೆ ಅನುವಾದಿಸಿ ಅವನ ಬಾಯಲ್ಲಿಟ್ಟಿದ್ದರು. ಅಣಕವೊಂದು ನಲವತ್ತು ವರ್ಷದ ನಂತರ ಗಂಭೀರ ಕಥೆಯೊಳಗೆ, ಯಾರಿಗೂ ಅರ್ಥವಾಗದ ಭಾಷೆಯ ವೇಷ ಹಾಕಿ, ಮುಖ ಗಂಟಿಕ್ಕಿಕೊಂಡು ನಿಂತಿತ್ತು.

ನಾಟಕ ಏಳೂವರೆಗೆ ಶುರುವಾಯಿತು. ದೊಡ್ಡಪ್ಪನ ಮಾತೇ ಗೆದ್ದಿತು: ಮಬ್ಬು ಬೆಳಕಿನಲ್ಲಿ, ಪರದೆಯ ಹಿಂದಿನಿಂದ ಗೋಣಿತಾಟಿನ ಮೇಲೆ ಬೀಳುತ್ತಿದ್ದ ಗೊರಸಿನ ಸದ್ದು ದೂರದಿಂದ ಹತ್ತಿರ ಬರುತ್ತಿದ್ದಂತೆ ಗದ್ದೆಬಯಲಿನಲ್ಲಿ ಕುಳಿತಿದ್ದ ಜನ ಗಪ್‌ಚಿಪ್ಪಾದರು. ರಾಜಾರಾಮ ಕುಪ್ಪಳಿಸುತ್ತ ಬಂದ, ಒಬ್ಬರೂ ನಗಲಿಲ್ಲ. ಅಷ್ಟೂ ಜನ ಕುದುರೆಯನ್ನು ಕಾಣುತ್ತಿದ್ದರು, ನಾನೂ ಕಂಡೆ. "ಯಾರಲ್ಲಿ?" ಎಂದು ಕಾವಲುಗಾರ ಕೂಗಿದ, ರಾಜಾರಾಮ ಲಗಾಮು ಎಳೆದು ನಿಂತ, ಮೌನ. ಆಗ ಪರದೆಯ ಹಿಂದೆ ನಿಲ್ಲಿಸುವುದನ್ನು ಮರೆತ ಅಕ್ಕನ ಮಗನ ಕರಟಗಳು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದವು. ಟಕ್ಕಟಕ್, ಟಕ್ಕಟಕ್. ನಿಂತಲ್ಲೇ ನಿಂತ ರಾಜಾರಾಮ ಒಮ್ಮೆ ಹಿಂದಕ್ಕೆ ನೋಡಿ, ಒಮ್ಮೆ ತನ್ನ ಕಾಲು ನೋಡಿಕೊಂಡು, ಏನೂ ತೋಚದೆ ಸದ್ದಿಗೆ ಸರಿಯಾಗಿ ಎರಡು ಸಲ ಕುಪ್ಪಳಿಸಿದ.

ಬಯಲು ಬಿದ್ದು ಬಿದ್ದು ನಕ್ಕಿತು. ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾವ ವಿವರಣೆಯೂ ಇಲ್ಲದೆ, ನಾನು ಮಧ್ಯಾಹ್ನವಿಡೀ ಜಗಲಿಯಲ್ಲಿ ಬಿಡಿಸಿಡಲು ಒದ್ದಾಡಿದ್ದು ಆ ನಾಲ್ಕು ಹೆಚ್ಚಿನ ಹೆಜ್ಜೆಗಳಲ್ಲಿ ಎಲ್ಲರಿಗೂ ಒಮ್ಮೆಲೇ ಗೊತ್ತಾಗಿಹೋಗಿತ್ತು. ದೊಡ್ಡಪ್ಪ ನನ್ನ ಮೊಣಕೈ ತಿವಿದು, "ಈಗ ನಗು" ಎಂದರು.

ಮರುದಿನ ಬೆಳಿಗ್ಗೆ ಏಳುವಾಗಲೇ ಕೇರಿಯಲ್ಲೆಲ್ಲ ಗೊರಸಿನ ಸದ್ದು. ಶಾಲೆಗೆ ಹೋಗುವ ಹುಡುಗರೆಲ್ಲ ಜೋಡಿಜೋಡಿಯಾಗಿ, ಒಬ್ಬ ಸವಾರ ಒಬ್ಬ ಕರಟದವನಾಗಿ, ತೋಟದ ದಣಪೆ ದಾಟಿ ಕುಪ್ಪಳಿಸುತ್ತ ಹೋಗುತ್ತಿದ್ದರು. ನಾನು ಸ್ನಾನಕ್ಕೆಂದು ಬಚ್ಚಲಿಗೆ ಹೋದರೆ ಹಂಡೆಯ ನೀರು ತಣ್ಣಗಿತ್ತು, ಒಲೆಯ ಬದಿಯ ಮೂಲೆ ಖಾಲಿಯಾಗಿತ್ತು. "ಕರಟ ಎಲ್ಲ ಕುದುರೆಗೆ ಹೋಯ್ತು, ಅಡಕೆಸಿಪ್ಪೆ ಹಾಕಿದ್ದೇನೆ, ಹೊತ್ತಿಕೊಳ್ಳೋವರೆಗೆ ಕಾಯಬೇಕು" ಎಂದು ಅಮ್ಮ ಒಳಗಿನಿಂದ ಹೇಳಿದರು.