ಮಾಳಿಗೆಯ ಮೇಲೆ ಕೇಳಿದ ಚಂದ್ರನ ಕತ್ತಲು

ಬಳ್ಳಾರಿಯ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು, ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1973ರ ‘ದಿ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮನ್ನು ಎಲ್ಲಿಯೂ ನಿಲ್ಲಿಸದೆ ಮತ್ತೊಮ್ಮೆ ಕೇಳಿದೆ. ಕೋಟಿಗಟ್ಟಲೆ ಮಾರಾಟವಾದ ಮಾತ್ರಕ್ಕೆ ಅದನ್ನು ಶ್ರೇಷ್ಠವೆಂದು ಒಪ್ಪಲು ನನಗೆ ಮನಸ್ಸಿರಲಿಲ್ಲ. ಆ ಅನುಮಾನ ಈಗ ಬಹುಪಾಲು ಕರಗಿದೆ. ‘ಮನಿ’ ಹಾಡಿನಲ್ಲಿ ನಾಣ್ಯ, ಗಲ್ಲಾಪೆಟ್ಟಿಗೆಗಳ ಸದ್ದನ್ನು ಟೇಪಿನ ತುಣುಕುಗಳಾಗಿ ಕತ್ತರಿಸಿ, ಅಂಟಿಸಿ, ಏಳು ಎಣಿಕೆಯ ಆವರ್ತಕ್ಕೆ ಹೊಂದಿಸಿರುವ ಬಗೆಯನ್ನು ಕರ್ನಾಟಕ ಸಂಗೀತದ ಏಳೆಣಿಕೆಯ ತಾಳ ಮಿಶ್ರಛಾಪು ಕೇಳಿ ಪಳಗಿದ ಕಿವಿ (ನಮ್ಮ ಮನೆಯಲ್ಲಿ ತಾಳ ತಪ್ಪಿದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ) ತಟ್ಟನೆ ಗುರುತಿಸುತ್ತದೆ. ಗಿಟಾರಿನ ಸರದಿ ಬಂದಾಗ ಲಯವು ನಾಲ್ಕಕ್ಕೆ ಹೊರಳುವುದು ಇನ್ನೂ ಸೊಗಸು. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಯಲ್ಲಿ ಗಾಯಕಿ ಕ್ಲೇರ್ ಟಾರಿಯವರ ಪದಗಳಿಲ್ಲದ ಗಾಯನಕ್ಕೆ ಈಗಲೂ ಮೈ ಜುಮ್ಮೆನ್ನುತ್ತದೆ. ‘ಆನ್ ದ ರನ್’ ಮಾತ್ರ, ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದ ಹೊಸತನ ಹಳತಾದ ಮೇಲೆ, ಬರಿಯ ಚಮತ್ಕಾರವಾಗಿ ಉಳಿದಿದೆ.