ಎರೆಯ ಬಿರುಕಿಗಿಳಿದ ಡೀಸೆಲ್

ಮೇ ತಿಂಗಳು. ಕಾರಟಗಿ ಕಡೆಯ ನಮ್ಮ ಸೋದರಮಾವನ ಫೋನು. "ಹಾರ್ವೆಸ್ಟರ್‌ನವ್ರು ಕಣದಾಗ ಇಟ್ಟಿದ್ದ ಡೀಸೆಲ್ ಬ್ಯಾರಲ್ ರಾತ್ರಿ ಉರುಳೈತಿ. ಬಾವಿ ನೀರು ಕುಡಿಯಾದೋ ಬ್ಯಾಡೋ, ಅಷ್ಟ ಹೇಳು." ಮಣ್ಣು, ನೀರು ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು. ಆದರೂ ಅದು ಫೋನಿನಲ್ಲಿ ಹೇಳುವ ಮಾತಲ್ಲ. ಐಸ್ ಡಬ್ಬಿ, ಗಾಜಿನ ಬಾಟಲಿ ಹಿಡಿದು ಬಳ್ಳಾರಿಯಿಂದ ಬಸ್ಸು ಹತ್ತಿದೆ.

200 ಲೀಟರಿನ ಬ್ಯಾರಲ್. ಕೋಲು ಇಳಿಬಿಟ್ಟು ಲೆಕ್ಕ ಹಾಕಿದರೆ ಸುಮಾರು 60 ಲೀಟರ್ ಹೋಗಿತ್ತು. ನೆಲದ ಮೇಲಿನ ಕಲೆ ಮಾತ್ರ ಒಂದು ಹೊರಸಿನಗಲ. ಮಾವನಿಗೆ ಅದರಿಂದ ಸಮಾಧಾನ, ನನಗೆ ಅದೇ ಚಿಂತೆ. ಉಳಿದದ್ದು ಎಲ್ಲಿಗೆ ಹೋಯಿತು? ಎರೆ ಮಣ್ಣು ನೀರು ಕುಡಿದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ, ಬೇಸಿಗೆಗೆ ಒಂದು ಮೀಟರಿಗೂ ಆಳಕ್ಕೆ ಬಾಯಿ ಬಿಡುತ್ತದೆ. ಸಾಲದ್ದಕ್ಕೆ ಹಾರ್ವೆಸ್ಟರ್ ಹುಡುಗ ಸೋಪಿನ ಪುಡಿ ಸುರಿದು ನಾಲ್ಕು ಕೊಡ ನೀರು ಹಾಕಿದ್ದ. "ಸ್ವಚ್ಛ ತೊಳ್ದೀನ್ರಿ ಸರ" ಎಂದ. ಸೋಪು ಎಣ್ಣೆಯನ್ನು ನೀರಿನ ಜೊತೆ ಬೆರೆಸಿ ಕೆಳಕ್ಕೆ ಕಳಿಸುತ್ತದೆ. ಬಯ್ಯಲು ಮನಸ್ಸಾಗಲಿಲ್ಲ. ಅಡುಗೆಮನೆಯಲ್ಲಿ ಎಣ್ಣೆ ಚೆಲ್ಲಿದರೆ ನಾವು ಮಾಡುವುದೂ ಅದನ್ನೇ ಅಲ್ಲವೇ.

ಕಲೆಯ ನಡುವೆ ಗುಂಡಿ ತೋಡಿಸಿದೆ. ಅರ್ಧರ್ಧ ಅಡಿಗೆ ಒಂದು ಹಿಡಿ ಮಣ್ಣು ಬಾಟಲಿ ನೀರಿಗೆ ಹಾಕಿ, ಕುಲುಕಿ, ಬಿಸಿಲಿಗೆ ಹಿಡಿಯುವುದು. ಎಣ್ಣೆ ಇದ್ದರೆ ಮೇಲೆ ಬಣ್ಣಬಣ್ಣದ ಪೊರೆ. ಒಂದೂವರೆ ಅಡಿಗೇ ನೀರು ತಿಳಿಯಾಯಿತು. "ಮುಗೀತಲ್ಲ" ಅಂದರು ಮಾವ. ನಾನೂ ಒಂದು ಗಳಿಗೆ ಹಾಗೇ ಅಂದುಕೊಂಡೆ. ಆಮೇಲೆ ಹೆಂಟೆಯೊಂದನ್ನು ಒಡೆದು ನೋಡಿದರೆ ಒಳಗೆ ಒಣಕಲು, ಬಿರುಕಿನ ಕಡೆಯ ಮೈ ಮಾತ್ರ ಮಿರಮಿರ. ನಾನು ಹೆಂಟೆಯ ಹೊಟ್ಟೆಯಿಂದ ಮಣ್ಣು ತೆಗೆದಿದ್ದೆ! ಬಿರುಕಿನ ಗೋಡೆಯನ್ನು ಚಾಕುವಿನಲ್ಲಿ ಕೆರೆದು ಹಾಕಿದ ಮೇಲೆ ಪೊರೆ ಮತ್ತೆ ಕಂಡಿತು. ಮೂರೂವರೆ ಅಡಿಗೆ ಗರಸು, ಅಂದರೆ ಸಣ್ಣಕಲ್ಲಿನ ಗಟ್ಟಿ ಮಣ್ಣು, ಸಿಕ್ಕಿತು, ಅಲ್ಲಿ ಪೊರೆ ಕಾಣಲಿಲ್ಲ. ಅದರಿಂದಲೂ ಒಂದು ಬಾಟಲಿ ಮಣ್ಣು ಐಸಿಗೆ ಸೇರಿತು.

ಬಾವಿ 40 ಅಡಿ ದೂರ. ಬಗ್ಗಿದ ಕೂಡಲೇ ಅತ್ತೆ ಎದೆ ಹಿಡಿದುಕೊಂಡರು. ನೀರಿನ ಮೇಲೆ ಅದೇ ಬಣ್ಣದ ಪೊರೆ. ಉದ್ದ ಕೋಲಿನಿಂದ ತಿವಿದೆ. ಪೊರೆ ಹಪ್ಪಳದಂತೆ ಚೂರುಚೂರಾಗಿ ಹಾಗೇ ನಿಂತಿತು. ಡೀಸೆಲ್ಲಾಗಿದ್ದರೆ ಕಲಕಿದ ಜಾಗ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಕಬ್ಬಿಣದಂಶ ಇರುವ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಪೊರೆ, ಎಷ್ಟು ದಿನದಿಂದ ಇತ್ತೋ. ಹಾಗಂತ ನೀರು ಪಾಸಾದ ಹಾಗಲ್ಲ, ಕರಗಿದ್ದು ಕಣ್ಣಿಗೆ ಕಾಣುವುದಿಲ್ಲ. ಡೀಸೆಲ್ ನೀರಿಗಿಂತ ಹಗುರ, ಮೋಟಾರ್ ಹಾಕಿದರೆ ತಳದ ನೀರು ಬರುತ್ತದೆ. ಹಾಗಾಗಿ ಹಗ್ಗಕ್ಕೆ ಬಾಟಲಿ ಕಟ್ಟಿ ಮೇಲಿನ ನೀರನ್ನೇ ತೆಗೆದು, ಗಾಳಿ ನಿಲ್ಲದಂತೆ ಕಂಠಪೂರ್ತಿ ತುಂಬಿಸಿದೆ.

ಅಗೆದ ಮಣ್ಣನ್ನು ತಾಡಪತ್ರಿ ಮೇಲೆ ಹರವಿ, ತಿಪ್ಪೆಗೊಬ್ಬರ ಬೆರೆಸಿ, ವಾರಕ್ಕೊಮ್ಮೆ ಮಗುಚಲು ಹೇಳಿದೆ. ಗಾಳಿ, ತೇವ ಸಿಕ್ಕರೆ ಡೀಸೆಲ್ ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲೇ ಇರುತ್ತವೆ. ಮಳೆ ಬಂದರೆ ಮುಚ್ಚಬೇಕು.

ವರದಿ ಬಂತು. ಕುಡಿಯುವ ನೀರಿನಲ್ಲಿ ಖನಿಜ ತೈಲ ಲೀಟರಿಗೆ 0.5 ಮಿಲಿಗ್ರಾಂ ದಾಟಬಾರದು, ದಾಟಿರಲಿಲ್ಲ. ಆದರೆ ಕಾಲುವೆ ನೀರು ಬಂದಾಗ ಬಾವಿಯ ಮಟ್ಟ ಏರುತ್ತದೆ, ಬಿರುಕಿನಲ್ಲಿ ಉಳಿದದ್ದೇನಾದರೂ ಇದ್ದರೆ ಆಗ ನೀರಿಗೆ ಸಿಗುತ್ತದೆ. ಆಗ ಇನ್ನೊಮ್ಮೆ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಶುದ್ಧ ನೀರಿನ ಘಟಕದ ಕ್ಯಾನೇ ಇರಲಿ ಅಂದೆ. ಮಾವ ಗೊಣಗಿದರು.

ಜುಲೈ ಕೊನೆಗೆ ಫೋನು. "ಎಡದಂಡೆ ಕಾಲುವೆಗೆ ನೀರು ಬಿಟ್ಟಾರ. ಬಾವಿ ನಾಕಡಿ ಏರೈತಿ. ಬಾಟ್ಲಿ ತರ್ತೀಯೋ, ನಾನ ತುಂಬಿ ಕಳಿಸ್ಲೋ?"