ಹದಿನೇಳರ ಹುಡುಗ, ಮೂರು ತಿಂಗಳ ಗಡುವು

ಬೆಂಗಳೂರಿನಲ್ಲಿ ಚಾಕು ಇರಿತದ ಕೇಸಿನಲ್ಲಿ ಸಿಕ್ಕಿಬಿದ್ದವನಿಗೆ ಹದಿನೇಳು ಎಂದುಕೊಳ್ಳಿ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ; ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು.

ಮನೆಯವರು ಮೊದಲು ಬೀರುವಿನಿಂದ ತೆಗೆಯಬೇಕಾದ್ದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅವಿಲ್ಲದಿದ್ದರೆ ಪಾಲಿಕೆ ಕೊಟ್ಟ ಜನನ ಪ್ರಮಾಣಪತ್ರ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಯಾವುದೂ ಸಿಗದಾಗ ಮಾತ್ರ ಮೂಳೆ ಪರೀಕ್ಷೆ. ಅದರಲ್ಲಿ ಒಂದೆರಡು ವರ್ಷ ಹೆಚ್ಚುಕಮ್ಮಿಯಾಗುತ್ತದೆ, ಹದಿನೆಂಟರ ಅಂಚಿನಲ್ಲಿ ಹಣೆಬರಹ ಬದಲಾಗಲು ಅಷ್ಟು ಸಾಕು.

ಇರಿತಕ್ಕೊಳಗಾದವನು ಬದುಕುಳಿದು ಕೇಸು ಕೊಲೆಯತ್ನವಾದರೆ, ಅದಕ್ಕೆ ಏಳು ವರ್ಷದ ಕನಿಷ್ಠ ಶಿಕ್ಷೆಯಿಲ್ಲ; ಕಾಯ್ದೆಯ ಕಣ್ಣಲ್ಲಿ ‘ಘೋರ’ ಅಪರಾಧವಾಗಲು ಅದು ಬೇಕು. ಹುಡುಗನನ್ನು ವಯಸ್ಕನಂತೆ ವಿಚಾರಣೆಗೆ ಕಳಿಸುವ ಪ್ರಶ್ನೆಯೇ ಏಳದು. ಕೊಲೆಯಾಗಿದ್ದರೆ ಮಾತ್ರ, ವಯಸ್ಕನಂತೆ ವಿಚಾರಿಸಬೇಕೇ ಎಂದು ತೀರ್ಮಾನಿಸಲು ಮಂಡಳಿ ಮೂರು ತಿಂಗಳಲ್ಲಿ ಪ್ರಾಥಮಿಕ ನಿರ್ಧರಣೆ ಮಾಡಬೇಕು: ಕೃತ್ಯಕ್ಕೆ ಬೇಕಾದ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮ ಅರ್ಥವಾಗಿತ್ತೇ, ಸಂದರ್ಭ ಎಂಥದ್ದು?

ಎಡವುವುದು ಇಲ್ಲೇ. ಐಕ್ಯೂ ಸರಿಯಿದ್ದರೆ ಪರಿಣಾಮವೂ ಗೊತ್ತಿತ್ತು ಎಂದು ಬರೆದು ಮುಗಿಸುವುದು ದೊಡ್ಡ ತಪ್ಪು. ಲೆಕ್ಕ ಬಿಡಿಸಬಲ್ಲ ಹುಡುಗ ಗೆಳೆಯರ ಗುಂಪಿನ ನಡುವೆ, ಸಿಟ್ಟಿನಲ್ಲಿ, ಮುಂದಿನ ಐದು ನಿಮಿಷವನ್ನೂ ಯೋಚಿಸದೇ ಇರಬಹುದು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರಿಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ನಿಮ್ಹಾನ್ಸ್ ಇರುವ ಊರಿನಲ್ಲಿ ಒಂದೇ ಭೇಟಿಯ ವರದಿಗೆ ಯಾರೂ ತೃಪ್ತರಾಗಬಾರದು.